ಮೊದಲು ಹೋದ ತಂಗಿ, ಉಳಿದ ಅಕ್ಕ: ನಮ್ಮ ರನ್ನ ಬರೆದ ಒಡಹುಟ್ಟಿದವರ ಕಥೆ

(1/5)
ಪಂಚಮಿ ಅಂದ್ರ ನಮ್ಮ ಕಡೆ ಅಕ್ಕ-ತಂಗ್ಯಾರ ಹಬ್ಬ. ಜಮಖಂಡಿ ಇರಲಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಇರಲಿ, ಅಣ್ಣನೋ ತಮ್ಮನೋ ಹೋಗಿ ಗಂಡನ ಮನಿಯಿಂದ ಅಕ್ಕನ್ನ ಕರ್ಕೊಂಡು ಬರಬೇಕು. ಉಂಡಿ ಕಟ್ಟಬೇಕು, ಜೋಕಾಲಿ ಹಾಕಬೇಕು, ಕೈತುಂಬ ಹೊಸ ಬಳೆ ಇಡಿಸಬೇಕು. ಬಳೆ ಇಡಿಸ್ಕೊಳ್ಳದ ಪಂಚಮಿ ಪಂಚಮಿನೇ ಅಲ್ಲ ಅಂತಿದ್ಲು ನಮ್ಮಜ್ಜಿ.

ಇವತ್ತಿನ ಕಥೆ ಒಬ್ಬ ಬಳೆಗಾರರ ಮನೆ ಹುಡುಗನದು. ಹೆಸರು ರನ್ನ. ಹೌದು, ಸಿಲೆಬಸ್‌ನಾಗ ಬರೋ ಅದೇ ರನ್ನ. ಸ್ವೈಪ್ ಮಾಡ್ರಿ 👉

(2/5)
ರನ್ನ ಹುಟ್ಟಿದ್ದು 949ರಲ್ಲಿ, ಮುದುವೊಳಲಿನಲ್ಲಿ. ಅಂದ್ರ ನಮ್ಮ ಮುಧೋಳದಾಗ. ಅಪ್ಪ ಜಿನವಲ್ಲಭ, ಅವ್ವ ಅಬ್ಬಲಬ್ಬೆ. ದೃಢಬಾಹು, ರೇಚಣ, ಮಾರಯ್ಯ ಅಂತ ಮೂವರು ಒಡಹುಟ್ಟಿದವರು. ಜೈನ ಮನೆತನ, ಬಳೆ ವ್ಯಾಪಾರ. ಆ ಮನೆಯ ಹುಡುಗ ಓದಬೇಕು ಅಂತ ದೂರದ ಶ್ರವಣಬೆಳಗೊಳದ ಕಡೆ ಹೋದ. ಅಲ್ಲಿ ಚಾವುಂಡರಾಯನ ಆಸರೆ ಸಿಕ್ತು. ಮುಂದೆ ಚಾಲುಕ್ಯ ದೊರೆ ತೈಲಪನಿಂದ 'ಕವಿಚಕ್ರವರ್ತಿ' ಅನ್ನೋ ಬಿರುದೂ ಬಂತು.

ಪಂಪ, ಪೊನ್ನ, ರನ್ನ ಅಂತ ಬಾಯಿಪಾಠ ಮಾಡಿರ್ತೀವಿ. ಆದರೆ ಅಣ್ಣ-ತಮ್ಮ, ಅಕ್ಕ-ತಂಗಿ ಬಗ್ಗೆ ಈತ ಏನು ಬರೆದ ಅಂತ ಯಾರೂ ಕೇಳೋದಿಲ್ಲ.

(3/5)
ಗದಾಯುದ್ಧ ಅಂದ ಕೂಡ್ಲೆ ಭೀಮ, ಗದೆ, ತೊಡೆ ಮುರಿಯೋದು ಇಷ್ಟೇ ನೆನಪಾಗತೈತಿ. ಪರೀಕ್ಷೆಯಲ್ಲಿ 'ವೀರರಸ' ಅಂತ ಬರೆದು ಎದ್ದು ಬಂದಿರ್ತೀವಿ. ಅದಕ್ಕಿಂತ ಮೊದಲು ಒಂದು ಜಾಗ ಬರತೈತಿ. ಯುದ್ಧ ಬಹುತೇಕ ಮುಗಿದದೆ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆದು ಹೊಂಟಾನೆ. ಅಲ್ಲಿ ತಮ್ಮ ದುಶ್ಯಾಸನನ ಹೆಣ ಕಾಣತೈತಿ.

ಆಗ ಅವನು ರಾಜ್ಯದ ಮಾತು ಆಡೋದಿಲ್ಲ. ಒಂದೇ ತಾಯಿ ಹಾಲು ಕುಡಿದವರ ಮಾತು ಆಡ್ತಾನೆ. ಎಲ್ಲದರಲ್ಲೂ ಮೊದಲು ಅಣ್ಣ, ಆಮೇಲೆ ತಮ್ಮ ಅನ್ನೋ ಸಾಲು ಇತ್ತಲ್ಲ, ಸಾವಿನಲ್ಲಿ ಮಾತ್ರ ಆ ಸಾಲು ಯಾಕೆ ತಪ್ಪಿತು ಅಂತ ಅಳ್ತಾನೆ.

ದುಶ್ಯಾಸನ ಮಾಡಿದ್ದು ಎಲ್ಲರಿಗೂ ಗೊತ್ತು. ತುಂಬಿದ ಸಭೆಯಲ್ಲಿ ದ್ರೌಪದಿಯ ಸೀರೆಗೆ ಕೈ ಹಾಕಿದವನು. ರನ್ನ ಅದನ್ನ ಮುಚ್ಚಿಡೋದಿಲ್ಲ. ಆದರೂ ಅಣ್ಣನಿಗೆ ಅವನು ತಮ್ಮನೇ.

(4/5)
ಈಗ ಪುರಾಣ ಬಿಟ್ಟು ರನ್ನನ ಕಾಲದ್ದೇ ಒಂದು ಮನೆಗೆ ಬರೋಣ. ಮಲ್ಲಪಯ್ಯನಿಗೆ ಅತ್ತಿಮಬ್ಬೆ, ಗುಂಡಮಬ್ಬೆ ಅಂತ ಇಬ್ಬರು ಹೆಣ್ಣುಮಕ್ಕಳು. ಇಬ್ಬರನ್ನೂ ನಾಗದೇವನಿಗೇ ಕೊಟ್ಟಿದ್ರು. ನಾಗದೇವ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ. ತಂಗಿ ಗುಂಡಮಬ್ಬೆ ಅವನ ಜೊತೆ ಚಿತೆ ಏರಿದಳು. ಅಕ್ಕ ಅತ್ತಿಮಬ್ಬೆ ಏರಲಿಲ್ಲ. ಮಗ ಅಣ್ಣಿಗದೇವನನ್ನ ಬೆಳೆಸ್ತಾ ಉಳಿದಳು.

ಚಿತೆ ಏರಿದವಳನ್ನ ದೇವರು ಮಾಡೋ ಕಾಲ ಅದು. ಕರ್ನಾಟಕದ ಮಹಾಸತಿ ಕಲ್ಲುಗಳನ್ನ ನೋಡಿದ್ರ ಗೊತ್ತಾಗತೈತಿ: ಮೇಲಕ್ಕೆತ್ತಿದ ಒಂದು ಕೈ, ಕೈತುಂಬ ಬಳೆ. ಉಳಿದವಳಿಗೆ ಅಂಥ ಕಲ್ಲು ನಿಲ್ಲಿಸೋರು ಯಾರು?

ಅತ್ತಿಮಬ್ಬೆ ಏನು ಮಾಡಿದ್ಲು ಗೊತ್ತಾ? ಆಕೆಯ ಅಪ್ಪ ಮಲ್ಲಪಯ್ಯ ಮತ್ತು ಅಪ್ಪನ ತಮ್ಮ ಪುನ್ನಮಯ್ಯ ಸೇರಿ ಪೊನ್ನನ ಕಡೆಯಿಂದ ಶಾಂತಿಪುರಾಣ ಬರೆಸಿದ್ರು. ಅದು ಕಳೆದುಹೋಗಬಾರದು ಅಂತ 1000 ಓಲೆಪ್ರತಿ ಮಾಡಿಸಿ ಹಂಚಿದ್ಲು. ಪ್ರಿಂಟಿಂಗ್ ಪ್ರೆಸ್ ಇಲ್ಲದ ಕಾಲ, ಒಂದೊಂದು ಪ್ರತಿನೂ ಕೈಯಿಂದ ಕೊರೆಯಬೇಕು! ಗದಗ ಹತ್ರದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ್ಲು. ಅಲ್ಲಿನ 1007ರ ಶಾಸನ ಇವತ್ತಿಗೂ ಐತಿ. ರನ್ನನಿಂದ ಅಜಿತಪುರಾಣ ಬರೆಸಿದ್ದೂ ಆಕೆಯೇ, 993ರಲ್ಲಿ. ಈ ಅಕ್ಕ-ತಂಗಿಯರ ಕಥೆ ಉಳಿದಿದ್ದು ಆ ಕಾವ್ಯದಿಂದಲೇ.

ರನ್ನ ತನ್ನ ಮಗನಿಗೆ ರಾಯ ಅಂತ, ಮಗಳಿಗೆ ಅತ್ತಿಮಬ್ಬೆ ಅಂತ ಹೆಸರಿಟ್ಟ. ಬಳೆಗಾರರ ಮನೆಯಲ್ಲಿ ಹುಟ್ಟಿದ ಮಗುವಿಗೆ ಚಿತೆ ಏರದೆ ಬದುಕಿದ ಹೆಣ್ಣುಮಗಳ ಹೆಸರು.

(5/5)
ನಮ್ಮಜ್ಜಿಯ ತಮ್ಮ ಆಕೆಗಿಂತ ಮೊದಲೇ ಹೋದ. ಆಮೇಲೆ ಪಂಚಮಿಗೆ ಕರಿಯಾಕ ಬರೋರು ಯಾರೂ ಇರಲಿಲ್ಲ. 'ಮೊದಲು ಹುಟ್ಟಿದಾಕಿ ನಾನು, ನಾನs ಮೊದಲು ಹೋಗಬೇಕಿತ್ತು' ಅಂತ ಹಬ್ಬ ಬಂದಾಗೆಲ್ಲ ಅಂತಿದ್ಲು. ಅಜ್ಜಿ ಶಾಲೆ ಮೆಟ್ಟಿಲು ಹತ್ತಿದಾಕಿ ಅಲ್ಲ, ಗದಾಯುದ್ಧ ಕೇಳಿದಾಕೀನೂ ಅಲ್ಲ. ಕ್ಲಾಸಿನಲ್ಲಿ ಆ ಭಾಗ ಬಂದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತುಬಿಟ್ಟೆ.

ಅತ್ತಿಮಬ್ಬೆ ಹೆಸರಲ್ಲಿ ಇವತ್ತು ರಾಜ್ಯ ಪ್ರಶಸ್ತಿ ಐತಿ. ಆಕೆಗೆ ಅದು ಸಲ್ಲಲೇಬೇಕು. ಆದರೆ ಗುಂಡಮಬ್ಬೆ ಅಂತ ಒಬ್ಬ ತಂಗಿ ಇದ್ಲು, ಆಕೆಗೂ ಬದುಕೋ ಅವಕಾಶ ಇರಬೇಕಿತ್ತು ಅನ್ನೋದನ್ನ ಮರೀಬಾರದು.

ಈ ಪಂಚಮಿಗೆ ಉಂಡಿ ತಿನ್ನೋ ಮುಂಚೆ ನಿಮ್ಮ ಅಜ್ಜಿ-ಅಜ್ಜನ್ನ ಒಂದು ಮಾತು ಕೇಳ್ರಿ: 'ನಿಮ್ಮ ಜೊತೆ ಹುಟ್ಟಿದವರು ಎಷ್ಟು ಮಂದಿ? ಅವರ ಹೆಸರೇನು?' ಹೆಸರು ಎಲ್ಲರೆ ಬರೆದಿಡ್ರಿ. ಅವರು ಹೇಳಿದ ಕಥೆ ಕಮೆಂಟ್‌ನಾಗ ಹಾಕ್ರಿ, ಎಲ್ಲಾ ಓದ್ತೀನಿ. ಅಕ್ಕನಿಗೋ ತಮ್ಮನಿಗೋ ಟ್ಯಾಗ್ ಮಾಡೋದು ಮರೀಬ್ಯಾಡ್ರಿ 🙏

#ರನ್ನ #ಮುಧೋಳ #ಜಮಖಂಡಿ #ಬೀಳಗಿ #ರಬಕವಿಬನಹಟ್ಟಿ #ಅತ್ತಿಮಬ್ಬೆ #ನಮ್ಮೂರ_ಇತಿಹಾಸ