ಬೇಸಿಗೆಯ ಓದು: ಆಯ್ಕೆ ಯಾರದು?

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗಳಲ್ಲಿ ಫಲಿತಾಂಶ ಪ್ರಕಟವಾಗಿ ಮಕ್ಕಳು ಮನೆ ಸೇರುತ್ತಾರೆ. ಕಾರವಾರ ತಾಲ್ಲೂಕಿನಲ್ಲಿ ಕಾಳಿ ನದಿಯ ದಂಡೆಗಿರುವ ಕಿನ್ನರದಿಂದ ಹಿಡಿದು ಅಂಕೋಲಾ ತಾಲ್ಲೂಕಿನ ಗಂಗಾವಳಿ ದಂಡೆಯವರೆಗೆ ಅದು ಗೇರುಹಣ್ಣಿನ ಕಾಲ. ಅದರ ಬೆನ್ನಿಗೇ ಅಂಕೋಲೆಯ ಹೆಸರಾಂತ ಕರಿ ಈಶಾಡ ಮಾವು ಬರುತ್ತದೆ. ವೈಶಾಖ ಹುಣ್ಣಿಮೆಯ ವೇಳೆಗೆ ಬಂಡಿಹಬ್ಬ. ನಡುನಡುವೆ ಮದುವೆ, ಮುಂಜಿ, ನೆಂಟರ ಮನೆ. ಇಷ್ಟರ ಮಧ್ಯೆ ಮಗುವಿನ ಕೈಗೊಂದು ಪುಸ್ತಕ ಕೊಡಬೇಕೆಂದು ಹಿರಿಯರಿಗೆ ಅನಿಸುತ್ತದೆ. ಆದರೆ ಯಾವ ಪುಸ್ತಕ? ಸಾಧಾರಣವಾಗಿ ತೋರುವ ಈ ಪ್ರಶ್ನೆಯ ಹಿಂದೆ ಈ ಕರಾವಳಿಯಲ್ಲಿ ನೂರೈವತ್ತು ವರ್ಷಗಳ ಚರಿತ್ರೆಯಿದೆ.

ಮಳೆಗಾಲದ ಓದು

ಬೇಸಿಗೆ ಓದಿನ ಕಾಲವೆಂಬ ಭಾವನೆಯೇ ಹೊಸದು. ಹಿಂದಿನವರ ಪಾಲಿಗೆ ಓದಿನ ಕಾಲವೆಂದರೆ ಮಳೆಗಾಲ. ಗದ್ದೆ ನಾಟಿ ಮುಗಿದು, ದೋಣಿಗಳು ದಡ ಸೇರಿ, ಹೊರಗಿನ ಕೆಲಸ ಕಡಿಮೆಯಾದಾಗ ಶ್ರಾವಣದ ಸಂಜೆಗಳಲ್ಲಿ ಮನೆಯ ಜಗುಲಿಯಲ್ಲೋ ದೇವಸ್ಥಾನದಲ್ಲೋ ಪುರಾಣ ವಾಚನ ನಡೆಯುತ್ತಿತ್ತು. ಜೈಮಿನಿ ಭಾರತ, ತೊರವೆ ರಾಮಾಯಣಗಳನ್ನು ಒಬ್ಬರು ಓದಿದರೆ ಹತ್ತಾರು ಜನ ಕೇಳುತ್ತಿದ್ದರು. ಅಕ್ಷರ ಬಾರದವರಿಗೂ ಅಲ್ಲಿ ಜಾಗವಿತ್ತು. ತಾಳಮದ್ದಳೆಗೂ ಅದೇ ಕಾಲ. ಅಲ್ಲಿ ಆಯ್ಕೆಯ ಮಾತೇ ಇರಲಿಲ್ಲ. ಊರು ಕೇಳುತ್ತಿದ್ದ ಕಥೆಯನ್ನೇ ಎಲ್ಲರೂ ಕೇಳಬೇಕಿತ್ತು. ಬೇಸಿಗೆಯೇನಿದ್ದರೂ ಜಾತ್ರೆ ಮತ್ತು ಬಯಲಾಟಗಳ ಕಾಲವಾಗಿತ್ತು.

ಇದನ್ನು ಬದಲಿಸಿದ್ದು ಶಾಲೆ. ಮದರಾಸು ಪ್ರಾಂತದ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟ ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯಿತು. ಕಚೇರಿ, ಕೋರ್ಟುಗಳ ಜೊತೆಗೆ ಹೊಸ ಬಗೆಯ ಶಾಲೆಗಳು ಬಂದವು; ಶಾಲೆಯ ಜೊತೆಗೆ ಬೇಸಿಗೆಯ ರಜೆಯೂ ಬಂತು. ಓದಲು ಬರುವ, ಆದರೆ ಇಂಥದ್ದನ್ನೇ ಓದು ಎಂದು ಹೇಳುವ ಮಾಸ್ತರರಿಲ್ಲದ ಎರಡು ತಿಂಗಳು ಹುಡುಗರಿಗೆ ಮೊದಲ ಬಾರಿಗೆ ಸಿಕ್ಕವು. ಪಠ್ಯಪುಸ್ತಕವನ್ನು ಆಯುವುದು ಸರ್ಕಾರ. ರಜೆಯ ಪುಸ್ತಕವನ್ನು ಆಯಬೇಕಾದವನು ಓದುಗನೇ.

ಮೂರು ಭಾಷೆಗಳ ನಡುವೆ

ಆದರೆ ಆಯ್ಕೆಗೆ ಪುಸ್ತಕಗಳಿರಬೇಕಲ್ಲ! ಇಲ್ಲಿನ ಅನೇಕ ಮನೆಗಳಲ್ಲಿ ಆಡುವ ಮಾತು ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ. ಮುಂಬಯಿಯ ಸಂಪರ್ಕದಿಂದ ಹೇರಳವಾಗಿ ದೊರೆಯುತ್ತಿದ್ದ ಪುಸ್ತಕ ಮತ್ತು ಪತ್ರಿಕೆಗಳು ಮರಾಠಿಯವು. ಹೀಗಾಗಿ ‘ಏನು ಓದಬೇಕು’ ಎಂಬ ಪ್ರಶ್ನೆಗೆ ಮೊದಲು ‘ಯಾವ ಭಾಷೆಯಲ್ಲಿ ಓದಬೇಕು’ ಎಂಬ ಪ್ರಶ್ನೆ ಎದುರಾಗುತ್ತಿತ್ತು. ಧಾರವಾಡ ಸೀಮೆಯಲ್ಲಿ ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ನೆಲೆಗೊಳಿಸಲು ದುಡಿದ ಡೆಪ್ಯುಟಿ ಚನ್ನಬಸಪ್ಪನವರು (1833-1881) ಕನ್ನಡ ಪಠ್ಯಗಳ ಕೊರತೆಯನ್ನು ನೀಗಲು ಯತ್ನಿಸಿದರು. ಆದರೆ ಪಠ್ಯದ ಆಚೆಗೆ, ಸಂತೋಷಕ್ಕಾಗಿ ಓದುವ ಪುಸ್ತಕಗಳು ಕನ್ನಡದಲ್ಲಿ ಆಗ ಬೆರಳೆಣಿಕೆಯಷ್ಟಿದ್ದವು.

ಕೊಂಕಣಿಯ ಸ್ಥಿತಿ ಇನ್ನೂ ಕಷ್ಟದ್ದು. ಅದಕ್ಕೆ ಒಂದೇ ಲಿಪಿಯೂ ಇರಲಿಲ್ಲ. ಚದುರಿಹೋಗಿದ್ದ ಕೊಂಕಣಿಗರನ್ನು ಒಗ್ಗೂಡಿಸಲು ವಕೀಲ ಮಾಧವ ಮಂಜುನಾಥ ಶಾನಭಾಗರು 1939ರಲ್ಲಿ ಅಖಿಲ ಭಾರತ ಕೊಂಕಣಿ ಪರಿಷತ್ತನ್ನು ಆರಂಭಿಸಿದ್ದು ಕಾರವಾರದಲ್ಲೇ ಎಂಬುದು ಗಮನಾರ್ಹ. ಮುಂದೆ 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮಹಾರಾಷ್ಟ್ರ ಕಾರವಾರದ ಮೇಲೂ ಹಕ್ಕು ಸಾಧಿಸಹೊರಟಿತು. ಕೊಂಕಣಿಗೆ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಸ್ಥಾನ ಸಿಕ್ಕಿದ್ದು 1992ರಲ್ಲಿ. ಗಡಿಯನ್ನು ಆಯೋಗಗಳು ಗುರುತಿಸಬಹುದು. ಆದರೆ ರಜೆಯ ಮಧ್ಯಾಹ್ನ ಒಬ್ಬ ಹುಡುಗಿ ತಾನಾಗಿ ಕೈಗೆತ್ತಿಕೊಳ್ಳುವ ಪುಸ್ತಕದ ಭಾಷೆ ಯಾವುದು ಎಂಬುದನ್ನು ಯಾವ ಆಯೋಗವೂ ತೀರ್ಮಾನಿಸಲಾರದು.

ದಂಡೆಯಲ್ಲೇ ಹುಟ್ಟಿದ ನಾಟಕ

ಆಯ್ಕೆಗೆ ಪುಸ್ತಕವಿರುವುದು ಬೇರೆ, ಅದು ಓದುಗನ ಭಾಷೆಯಲ್ಲಿರುವುದು ಬೇರೆ. ಇದಕ್ಕೆ ಕಾರವಾರದಲ್ಲೇ ಒಂದು ನಿದರ್ಶನವಿದೆ. ಭಾರತೀಯರಲ್ಲಿ ಮೊದಲ ಐ.ಸಿ.ಎಸ್. ಅಧಿಕಾರಿಯಾದ ಸತ್ಯೇಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತಮ್ಮ ರವೀಂದ್ರನಾಥರು ಬಂದು ತಂಗಿದ್ದರು. ಆಗ ಅವರಿಗೆ 22 ವರ್ಷ. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಸಾಗಿದ್ದನ್ನು ಅವರು ತಮ್ಮ ‘ಜೀವನಸ್ಮೃತಿ’ಯಲ್ಲಿ ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದದ್ದೂ ಇಲ್ಲಿಯೇ. ಕಡಲತೀರಕ್ಕೆ ಇಂದು ಅವರ ಹೆಸರಿದೆ. ಆದರೆ ಬಂಗಾಳಿಯಲ್ಲಿದ್ದ ಆ ನಾಟಕ ಆಗಿನ ಕಾರವಾರದ ಶಾಲಾ ಹುಡುಗನಿಗೆ ದಕ್ಕುವಂಥದ್ದಾಗಿರಲಿಲ್ಲ.

ಬಂಗಾಳಿ ಕಥೆಗಳನ್ನು ಕನ್ನಡಿಗರ ಮನೆಗೆ ತಂದವರು ಮೈಸೂರು ಸೀಮೆಯ ಬಿ. ವೆಂಕಟಾಚಾರ್ಯರು. ಬಂಕಿಮಚಂದ್ರರ ‘ದುರ್ಗೇಶನಂದಿನಿ’ಯ ಅವರ ಅನುವಾದ 1885ರಲ್ಲಿ ಬಂತು. ಇತ್ತ ಧಾರವಾಡದ ಕಡೆಯಿಂದ ಗಳಗನಾಥರು (1869-1942) ಮರಾಠಿಯ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಬರೆದು ಸುಮ್ಮನಾಗದೆ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ ಕನ್ನಡ ಗ್ರಂಥ ರಚನೆಗೆ ಉತ್ತೇಜನ ನೀಡಿತು. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ, ಚಂದಾ ಕಟ್ಟಿದವರಿಗೆ ಹೊಸ ಪುಸ್ತಕಗಳನ್ನು ಒದಗಿಸಿತು.

ಮಕ್ಕಳ ಪಾಲಿಗೆ ಬಾಗಿಲು ತೆರೆದದ್ದು ತುಸು ತಡವಾಗಿ. ಶಿವರಾಮ ಕಾರಂತರ ‘ಬಾಲಪ್ರಪಂಚ’ 1936ರಲ್ಲಿ ಮೂರು ಸಂಪುಟಗಳಲ್ಲಿ ಬಂದು ಲೋಕದ ವಿಷಯಗಳನ್ನೆಲ್ಲ ಕನ್ನಡದ ಮಗುವಿನ ಮುಂದೆ ಹರಡಿತು. 1949ರಲ್ಲಿ ಆರಂಭವಾದ ಕನ್ನಡ ‘ಚಂದಮಾಮ’ ತಲೆಮಾರುಗಳ ರಜೆಯ ಸಂಗಾತಿಯಾಗಿತ್ತು. ಈಗ ಅದು ನಿಂತಿದೆ. ಎಪ್ಪತ್ತರ ದಶಕದಲ್ಲಿ ಬಂದ ‘ಭಾರತ ಭಾರತಿ’ ಮಾಲೆಯ ಪುಟ್ಟ ಪುಸ್ತಕಗಳನ್ನು ಮಕ್ಕಳು ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದಿತ್ತು.

ನಾಲ್ಕು ಸಾಲಿನ ಓದು

ಆದರೂ ಪುಸ್ತಕ ಕೊಳ್ಳುವ ಮನೆ ಎಲ್ಲರದಾಗಿರಲಿಲ್ಲ. ಗೇಣಿ ರೈತ, ಹಾಲಕ್ಕಿ ಒಕ್ಕಲಿಗ ಮತ್ತು ಮೀನುಗಾರ ಕುಟುಂಬಗಳ ಬಹಳಷ್ಟು ಮಕ್ಕಳಿಗೆ ರಜೆ ಎಂದರೆ ದುಡಿಮೆ. ಅನೇಕರಿಗೆ ಶಾಲೆಯೇ ದೂರ. ಇದನ್ನು ಕಂಡವರು ಅಂಕೋಲೆಯ ದಿನಕರ ದೇಸಾಯಿ (1909-1982). ರೈತರ ಪರವಾಗಿ ಹೋರಾಡಿ ಜಿಲ್ಲೆಯಿಂದ ಗಡೀಪಾರಾಗಿದ್ದ ಅವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯ ಹಳ್ಳಿಗಳಲ್ಲಿ ಹೈಸ್ಕೂಲುಗಳನ್ನು ತೆರೆದರು. ಗೋಪಾಲಕೃಷ್ಣ ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಗೆ ಕಾಲೇಜೂ ಬಂತು. ಅವರ ‘ಜನಸೇವಕ’ ವಾರಪತ್ರಿಕೆಯಲ್ಲಿ ಚುಟುಕಗಳು ಅಚ್ಚಾಗುತ್ತಿದ್ದವು. ನಾಲ್ಕೇ ಸಾಲಿನ ಚುಟುಕಕ್ಕೆ ಪುಸ್ತಕ ಕೊಳ್ಳಬೇಕಿಲ್ಲ, ಬಿಡುವು ಹುಡುಕಬೇಕಿಲ್ಲ. ದಣಿದು ಬಂದವನೂ ಓದಿ ಬಾಯಿಪಾಠ ಮಾಡಬಹುದು. ಜನರ ಜೇಬು ಮತ್ತು ಬಿಡುವುಗಳನ್ನು ಬಲ್ಲ ಕವಿಯ ಆಯ್ಕೆ ಅದು ಎನ್ನಬಹುದು.

ಇಂದಿನ ಕಪಾಟು

1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಪುಸ್ತಕವನ್ನು ಸರ್ಕಾರದ ಹೊಣೆಯಾಗಿಸಿತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. 2020ರಲ್ಲಿ ಬಂದ ‘ಓದುವ ಬೆಳಕು’ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ‘ಅರಿವು ಕೇಂದ್ರ’ಗಳೆಂದು ಹೆಸರು ಪಡೆದ ಈ ಗ್ರಂಥಾಲಯಗಳಲ್ಲಿ ಬೇಸಿಗೆ ಶಿಬಿರಗಳೂ ನಡೆದಿವೆ. ಗಳಗನಾಥರು ತಲೆಯ ಮೇಲೆ ಹೊತ್ತ ಗಂಟು ಈಗ ಪಂಚಾಯಿತಿಯ ಕಪಾಟಿನಲ್ಲಿದೆ.

ಉಳಿದಿರುವುದು ಹಳೆಯ ಪ್ರಶ್ನೆಯೇ. ಮುಂದಿನ ತರಗತಿಯ ಪಠ್ಯವನ್ನು ರಜೆಯಲ್ಲೇ ಓದಿಸಿ ಮುಗಿಸುವ ಆತುರ ಇಂದಿನ ಪಾಲಕರದು. ಅಲ್ಲಿಗೆ ರಜೆಯ ಓದೂ ಶಾಲೆಯ ಓದೇ ಆಗಿ, ನೂರೈವತ್ತು ವರ್ಷಗಳಲ್ಲಿ ದೊರಕಿದ ಆಯ್ಕೆ ಮಗುವಿನ ಕೈತಪ್ಪುತ್ತದೆ. ಹಿರಿಯರು ಮಾಡಬಹುದಾದ ಕೆಲಸ ಚಿಕ್ಕದು: ಕಪಾಟಿನ ತನಕ ಕರೆದೊಯ್ಯುವುದು, ಕನ್ನಡವೋ ಕೊಂಕಣಿಯೋ ಮರಾಠಿಯೋ, ಮಗು ಎತ್ತಿಕೊಂಡದ್ದನ್ನು ಕಿತ್ತುಕೊಳ್ಳದಿರುವುದು. ಸಾಧ್ಯವಾದರೆ ಜಗುಲಿಯಲ್ಲಿ ಕೂತು, ಅದನ್ನು ಗಟ್ಟಿಯಾಗಿ ಓದಿಸಿ ಕೇಳುವುದು. ಶ್ರಾವಣದ ಆ ಹಳೆಯ ರೂಢಿಯಲ್ಲಿ ಇಂದಿಗೂ ಬಾಳುವಂಥದ್ದು ಅದೊಂದಿದೆ.