ಬಾಲ್ಸಾ, ರೇಷ್ಮೆ ಮತ್ತು ಕಾವಲಿನ ಗಾಳಿ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳ ಜೊತೆಗೆ ಅದನ್ನೂ ಬೆಳಕಿಗೆ ತಂದರು. ಆದರೆ ನಮ್ಮ ಕಡೆಯ ಜನ ಬೆಟ್ಟ ಹತ್ತುವುದು ಅಶೋಕನಿಗಾಗಿ ಅಲ್ಲ, ಜಟಾಯುವಿಗಾಗಿ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ಆ ಮುದಿ ಹಕ್ಕಿ ಅಡ್ಡಗಟ್ಟಿದ್ದು, ರೆಕ್ಕೆ ಕಡಿಸಿಕೊಂಡು ಬಿದ್ದದ್ದು ಇಲ್ಲಿಯೇ ಎಂಬುದು ನಂಬಿಕೆ. ರಾವಣ ಕೂತಿದ್ದದ್ದು ಪುಷ್ಪಕದಲ್ಲಿ ಎಂದೇ ಊರವರು ಹೇಳುವುದು.

ಪುರಾಣದ ವಿಮಾನವನ್ನು ಪುರಾಣವಾಗಿಯೇ ಇಟ್ಟುಕೊಳ್ಳುವವನು ನಾನು. 'ವೈಮಾನಿಕ ಶಾಸ್ತ್ರ'ದಲ್ಲಿ ಎಲ್ಲವೂ ಇದೆ ಎನ್ನುವವರು ಇವತ್ತಿಗೂ ಸಿಗುತ್ತಾರೆ. ಆ ಪುಸ್ತಕ ಇಪ್ಪತ್ತನೇ ಶತಮಾನದ ಆರಂಭದ್ದು, ಅದರಲ್ಲಿರುವ ಯಂತ್ರಗಳು ಹಾರಲಾರವು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 1974ರಲ್ಲೇ ಬರೆದಿಟ್ಟಿದ್ದಾರೆ. ನಾನು ಹೇಳಹೊರಟಿರುವುದು ಮರ, ಬಟ್ಟೆ, ಅಂಟಿನ ವಿಮಾನಗಳ ಬಗ್ಗೆ. ಅವು ಇಂಗ್ಲೆಂಡಿನಿಂದ ಬಂದವು. ಕೆಲವು ನಿಜವಾದವು, ಕೆಲವು ರಟ್ಟಿನ ಪೆಟ್ಟಿಗೆಯಲ್ಲಿ ಮಡಗಿದ್ದವು. ಈ ಎರಡಕ್ಕೂ ಇರುವ ನಂಟು ನನಗೆ ತಿಳಿಯಲು ಅರ್ಧ ಆಯಸ್ಸು ಬೇಕಾಯಿತು.

ನಿಜವಾದದ್ದು ಮೊದಲು ಇಳಿದದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಯ ಜುಹುಗೆ ಅಂಚೆಚೀಲ ಹೊತ್ತು ತಂದ ಕಥೆ ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದಿನ ಕಥೆಯನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಚೀಲವನ್ನು ನೆವಿಲ್ ವಿನ್ಸೆಂಟ್ ಎಂಬ ಪೈಲಟ್ ತೆಗೆದುಕೊಂಡು ಬಳ್ಳಾರಿಗೆ ಬಂದಿಳಿದು, ಅಲ್ಲಿಂದ ಮದ್ರಾಸಿಗೆ ಹಾರಿದ. ಬ್ರಿಟಿಷ್ ವಾಯುಪಡೆ ಬಿಟ್ಟ ಮೇಲೆ 1929ರಲ್ಲಿ ಹಳೆಯ ಯುದ್ಧವಿಮಾನ ತಂದು, ಊರೂರಲ್ಲಿ ಕಾಸು ಕೊಟ್ಟವರನ್ನು ಒಂದು ಸುತ್ತು ಹಾರಿಸಿ ಹೊಟ್ಟೆ ಹೊರೆದವನು ಆತ. ಟಾಟಾ ಕಂಪನಿಗೆ ಅಂಚೆ ವಿಮಾನದ ಯೋಜನೆ ತಂದುಕೊಟ್ಟವನೂ ಅವನೇ. ಜೆ.ಆರ್.ಡಿ. ಹೆಸರಿನ ನೆರಳಿನಲ್ಲಿ ಅವನ ಹೆಸರು ಮಸುಕಾಗಿದೆ. 1942ರಲ್ಲಿ ಯುದ್ಧದ ನಡುವೆ ಇಂಗ್ಲೆಂಡಿನಿಂದ ಹಿಂತಿರುಗುವಾಗ ಅವನಿದ್ದ ವಿಮಾನವೇ ಇಲ್ಲವಾಯಿತು.

ಅವನು ಬಳ್ಳಾರಿಗೆ ತಂದ ವಿಮಾನ ಡಿ ಹ್ಯಾವಿಲೆಂಡ್ ಕಂಪನಿಯ ಪುಸ್ ಮಾತ್. ಒಂದೇ ಇಂಜಿನ್, ಸುಮಾರು 120 ಅಶ್ವಶಕ್ತಿ. ಇವತ್ತು ನಮ್ಮ ರಸ್ತೆಗಳಲ್ಲಿ ಓಡುವ ದೊಡ್ಡ ಕಾರಿನ ತಾಕತ್ತು. ಒಡಲಿಗೆ ಉಕ್ಕಿನ ಕೊಳವೆಗಳ ಹಂದರ, ರೆಕ್ಕೆಗೆ ಮರದ ಎಲುಬು, ಎಲ್ಲದರ ಮೇಲೆ ಬಿಗಿದ ಬಟ್ಟೆ, ಬಟ್ಟೆಗೆ ಬಳಿದ 'ಡೋಪ್' ಎಂಬ ಅರಗು. ಜೆಫ್ರಿ ಡಿ ಹ್ಯಾವಿಲೆಂಡ್‌ಗೆ ಪತಂಗಗಳ ಹುಚ್ಚು. ಅದಕ್ಕೇ ಅವನ ವಿಮಾನಗಳಿಗೆಲ್ಲ ಜಿಪ್ಸಿ ಮಾತ್, ಪುಸ್ ಮಾತ್, ಟೈಗರ್ ಮಾತ್ ಎಂದು ಪತಂಗದ ಹೆಸರುಗಳು. ಪತಂಗದ ಗೂಡನ್ನು ಬಿಚ್ಚಿಯೇ ಅನ್ನ ಕಾಣುವ ಮೊಳಕಾಲ್ಮೂರಿನವರಿಗೆ ಇದು ವಿಚಿತ್ರ ಅನ್ನಿಸಬಾರದು. ಕೆಲವು ವರ್ಷಗಳಲ್ಲೇ ಅಂಚೆಯ ಮಾರ್ಗ ಹೈದರಾಬಾದ್ ಕಡೆಗೆ ಹೊರಳಿತು, ಬಳ್ಳಾರಿಯ ಪಾತ್ರ ಮುಗಿಯಿತು.

ನನ್ನ ಪಾಲಿನ ವಿಮಾನ ಬಂದದ್ದು 1978ರ ಬೇಸಿಗೆಯಲ್ಲಿ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆಯಲ್ಲಿ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಫಿಟ್ಟರ್ ಆಗಿದ್ದ ನನ್ನ ದೊಡ್ಡಪ್ಪನ ಮಗ ಅದನ್ನು ತಂದಿದ್ದ. ಆಮದಿನ ಮೇಲೆ ಬಿಗಿಯಾದ ಕಟ್ಟು ಇದ್ದ ಕಾಲ. ವಿಲಾಯತಿಗೆ ಹೋಗಿಬಂದ ಯಾರೋ ಅವನಿಗೆ ಕೊಟ್ಟದ್ದಂತೆ. ಏರ್‌ಫಿಕ್ಸ್ ಕಂಪನಿಯ ಕಿಟ್. ನಿಕೊಲಸ್ ಕೋವ್ ಎಂಬ ಹಂಗೇರಿಯವನು 1939ರಲ್ಲಿ ಲಂಡನ್ನಿನಲ್ಲಿ ಗಾಳಿ ತುಂಬಿದ ರಬ್ಬರ್ ಆಟಿಕೆ ಮಾಡಲು ಶುರುಮಾಡಿದ ಕಂಪನಿ ಅದು. ಆಮೇಲೆ ಬಾಚಣಿಗೆ ಮಾಡಿತು, ಬಾಚಣಿಗೆಯ ಅಚ್ಚುಯಂತ್ರದಿಂದ ಪ್ಲಾಸ್ಟಿಕ್ ಕಿಟ್ಟುಗಳಿಗೆ ಬಂತು. 1953ರಲ್ಲಿ ಅದರ ಮೊದಲ ವಿಮಾನ ಸ್ಪಿಟ್‌ಫೈರ್ ವೂಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲ್ಲಿಂಗಿಗೆ ಮಾರಾಟವಾಯಿತು. ಯುದ್ಧ ಗೆದ್ದು ಸಾಮ್ರಾಜ್ಯ ಕಳೆದುಕೊಂಡ ದೇಶದ ಹುಡುಗರು ಅಡುಗೆಮನೆಯ ಮೇಜಿನ ಮೇಲೆ ತಮ್ಮ ಅಪ್ಪಂದಿರ ವಿಮಾನಗಳನ್ನು 72ನೇ ಒಂದು ಅಳತೆಯಲ್ಲಿ ಮತ್ತೆ ಕಟ್ಟಿದರು. ಆ ಪೆಟ್ಟಿಗೆಗಳ ಹಂಬಲಕ್ಕೆ ಒಂದು ರಾಜಕೀಯವೂ ಉಂಟು. ಹದಿಮೂರರ ಹುಡುಗನಿಗೆ ಅದೆಲ್ಲಿ ಗೊತ್ತಾಗಬೇಕು?

ನನ್ನ ಪೆಟ್ಟಿಗೆಯಲ್ಲಿದ್ದದ್ದು ಫೋಲೆಂಡ್ ನ್ಯಾಟ್. ಬೂದುಬಣ್ಣದ ತುಣುಕುಗಳು ಹುಣಸೆಕಾಯಿಯ ಹಾಗೆ ಒಂದು ಕಡ್ಡಿಗೆ ತೂಗಿದ್ದವು. ಅಣ್ಣ ಅವನ್ನು ಬ್ಲೇಡಿನಿಂದ ಬಿಡಿಸಿ, ಜೋಡಿಸುವ ಮೊದಲು ಒಂದೊಂದನ್ನೂ ನನ್ನ ಕೈಗಿಟ್ಟು, 'ಇದು ಏನು ಮಾಡುತ್ತೆ ಹೇಳು' ಎನ್ನುತ್ತಿದ್ದ. ಹೇಳದಿದ್ದರೆ ಅಂಟು ಇಲ್ಲ. ಹೀಗೆ ಒಂದು ದಿನದ ಕೆಲಸಕ್ಕೆ ಒಂದು ವಾರ ಹಿಡಿಯಿತು. ಮುಗಿದಾಗ ರೆಕ್ಕೆಯ ತುದಿಯಿಂದ ತುದಿಗೆ ಹತ್ತು ಸೆಂಟಿಮೀಟರು. ಪೆಟ್ಟಿಗೆಯಲ್ಲಿದ್ದ ಬ್ರಿಟಿಷ್ ಕೆಂಪು-ನೀಲಿ ವೃತ್ತಗಳನ್ನು ಅವನು ಅಂಟಿಸಗೊಡಲಿಲ್ಲ. ಕೇಸರಿ, ಬಿಳಿ, ಹಸಿರು ಬಳಿದೆವು. ಆಮೇಲೆ ಅದನ್ನು ಕಣ್ಣಮಟ್ಟಕ್ಕೆ ಹಿಡಿದು, 'ಆದರೂ ಇದು ನಮ್ಮದಲ್ಲ. ಇದಕ್ಕೆ ಎರಡು ಸೀಟು, ತರಬೇತಿಯದು. ನಾವು ಮಾಡಿದ್ದು ಒಂದು ಸೀಟಿನದು' ಎಂದ.

ಅವನು ಹೇಳಿದ್ದು ನಿಜ. ನ್ಯಾಟನ್ನು ಯುದ್ಧವಿಮಾನವಾಗಿ ಬ್ರಿಟನ್ ಒಲ್ಲೆನೆಂದಿತ್ತು, ಎರಡು ಸೀಟಿನದನ್ನು ಮಾತ್ರ ತರಬೇತಿಗೆ ಇಟ್ಟುಕೊಂಡಿತು. ಒಂದು ಸೀಟಿನದನ್ನು ಫಿನ್ಲೆಂಡ್ ಹದಿಮೂರು ಕೊಂಡಿತು. ಉಳಿದಂತೆ ಅದನ್ನು ಮನೆಮಗನ ಹಾಗೆ ಬೆಳೆಸಿದ್ದು ಬೆಂಗಳೂರು. ಮೊದಲು ಪೂರ್ತಿ ವಿಮಾನಗಳು, ಆಮೇಲೆ ಜೋಡಿಸಲು ಬಿಡಿಭಾಗಗಳು, ಕೊನೆಗೆ ಭಾಗಗಳನ್ನೂ ಇಲ್ಲೇ ಮಾಡುವುದು. 1965ರಲ್ಲಿ, 1971ರಲ್ಲಿ ಆ ಪುಟಾಣಿ ಏನು ಮಾಡಿತು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಶ್ರೀನಗರದ ಮೇಲೆ ಅದರಲ್ಲಿ ಹೋರಾಡಿ ಸತ್ತ ನಿರ್ಮಲ್‌ಜಿತ್ ಸಿಂಗ್ ಸೆಖೋನ್‌ಗೆ ಪರಮವೀರ ಚಕ್ರ ಬಂತು. ಅದನ್ನೇ ತಿದ್ದಿ, ರೆಕ್ಕೆಯೊಳಗೇ ಇಂಧನ ತುಂಬುವಂತೆ ಮಾಡಿ, 'ಅಜೀತ್' ಎಂದು ಹೆಸರಿಟ್ಟು 1975ರಲ್ಲಿ ಬೆಂಗಳೂರಲ್ಲಿ ಹಾರಿಸಿದರು.

ಪ್ಲಾಸ್ಟಿಕ್ಕಿನ ನ್ಯಾಟ್ ಹಾರುವುದಿಲ್ಲವಲ್ಲ ಎಂದು ನಾನು ಗೋಳಾಡಿದ್ದಕ್ಕೆ ಮುಂದಿನ ರಜೆಯಲ್ಲಿ ಅಣ್ಣ ಬಾಲ್ಸಾ ಮರದ ನಾಲ್ಕು ಹಲಗೆ ತಂದ. ದಕ್ಷಿಣ ಅಮೆರಿಕದ ಮರ. ಸ್ಪ್ಯಾನಿಷ್‌ನಲ್ಲಿ ಬಾಲ್ಸಾ ಎಂದರೆ ತೆಪ್ಪ. ಕೈಯಲ್ಲಿ ಹಿಡಿದರೆ ಏನೂ ಹಿಡಿದ ಹಾಗಾಗುವುದಿಲ್ಲ. ರೆಕ್ಕೆಯ ಎಲುಬುಗಳನ್ನು ಕೊಯ್ದು ಹಂದರ ಕಟ್ಟಿದೆವು. ಹೊದಿಸಲು ತೆಳು ಕಾಗದ ಬೇಕು, ಇಲ್ಲವೇ ರೇಷ್ಮೆ. ಮಾದರಿ ವಿಮಾನ ಕಟ್ಟುವವರು ಲೋಕದ ಎಲ್ಲೆಡೆ ರೇಷ್ಮೆಯನ್ನೇ ಮೆಚ್ಚುತ್ತಾರೆ. ಹಗುರ, ಹರಿಯದು, ಒದ್ದೆ ಮಾಡಿ ಹೊದಿಸಿದರೆ ಒಣಗುತ್ತಾ ತಾನೇ ಬಿಗಿಯುತ್ತದೆ. ಮೊಳಕಾಲ್ಮೂರಿನಲ್ಲಿ ಅದಕ್ಕೇನು ಬರ? ನೇಕಾರರಾಗಿದ್ದ ನಮ್ಮ ಸೋದರಮಾವ, ಬಣ್ಣ ಹಾಕದ ತುಂಡೊಂದನ್ನು ಮಗ್ಗದ ಪಕ್ಕದಿಂದ ಎತ್ತಿಕೊಟ್ಟು, ನಾವು ಅದನ್ನು ಮರದ ಕಡ್ಡಿಗಳಿಗೆ ಹೊದಿಸುವುದನ್ನು ಕುಂತು ನೋಡಿದರು. ಎಳೆಯ ದಿಕ್ಕು ರೆಕ್ಕೆಯ ಉದ್ದಕ್ಕೆ ಇರಬೇಕೆಂದು ನಮಗೆ ಹೇಳಿದವರು ಅವರೇ. ವಿಮಾನದ ಪುಸ್ತಕಗಳಲ್ಲಿಯೂ ಹಾಗೆಯೇ ಬರೆದಿದೆ. ಡೋಪ್ ಇರಲಿಲ್ಲ, ನೂಲಿಗೆ ಹಾಕುವ ಗಂಜಿಯನ್ನೇ ತೆಳ್ಳಗೆ ಬಳಿದೆವು.

ಚಳ್ಳಕೆರೆಯ ಆಚೆ ಒಂದು ಕಾವಲಿನಲ್ಲಿ ಅದನ್ನು ಕೈಯಿಂದ ಎಸೆದು ಹಾರಿಸಿದೆವು. ಬೆಳಗಿನ ತಂಪಿನಲ್ಲಿ ಐವತ್ತು ಹೆಜ್ಜೆ ತೇಲಿ ಹುಲ್ಲಿನ ಮೇಲೆ ಕೂರುತ್ತಿತ್ತು. ಹತ್ತು ಗಂಟೆ ದಾಟಿದ ಮೇಲೆ ಎಸೆದದ್ದು ಇಳಿಯಲೇ ಇಲ್ಲ. ಬಯಲುಸೀಮೆಯ ನೆಲ ಕಾದು ಬಿಸಿಗಾಳಿ ಕಂಬದ ಹಾಗೆ ಏಳುತ್ತದೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುವುದು ಅದರ ಮೇಲೆಯೇ. ನಮ್ಮ ರೇಷ್ಮೆಯ ರೆಕ್ಕೆ ಆ ಹದ್ದುಗಳ ಜೊತೆ ಸೇರಿ ಸಣ್ಣದಾಗುತ್ತಾ ಹೋಯಿತು. ಮೂರನೇ ದಿನ ಒಬ್ಬ ಕುರಿಗಾಹಿ ಅದರ ಬಾಲವನ್ನಷ್ಟೇ ತಂದುಕೊಟ್ಟ. ಅಣ್ಣನಿಗೆ ಬೇಸರವಾಗಿರಲಿಲ್ಲ. ಗಾಳಿ ಎತ್ತಿಕೊಂಡು ಹೋಗುವಷ್ಟು ಚೆನ್ನಾಗಿ ಕಟ್ಟಿದ್ದೇವೆ ಎನ್ನುತ್ತಿದ್ದ.

ಬಾಲ್ಸಾ ಆಟಿಕೆಯ ಮರ ಎಂದುಕೊಂಡಿದ್ದ ನಾನು ಮುಂದೆ ಚರಿತ್ರೆ ಓದುವಾಗ ಬೆಚ್ಚಿದೆ. ಎರಡನೇ ಮಹಾಯುದ್ಧದ ಅತಿವೇಗದ ವಿಮಾನಗಳಲ್ಲೊಂದಾದ ಮಸ್ಕಿಟೊದ ಒಡಲು ಬಾಲ್ಸಾದ್ದು. ಆಚೀಚೆ ಬರ್ಚ್ ಮರದ ತೆಳು ಪದರ, ನಡುವೆ ಬಾಲ್ಸಾ. ಪೀಠೋಪಕರಣದ ಬಡಗಿಗಳು ಅದನ್ನು ಕಟ್ಟಿದರು. ಅದೇ ಡಿ ಹ್ಯಾವಿಲೆಂಡ್ ಕಂಪನಿಯ ವ್ಯಾಂಪೈರ್ ಜೆಟ್ಟಿನ ಮುಂಭಾಗವೂ ಹಾಗೆಯೇ ಮರದ್ದು. ಭಾರತದ ಮೊದಲ ಜೆಟ್ ಯುದ್ಧವಿಮಾನ ಅದು, ಬೆಂಗಳೂರಿನಲ್ಲಿ ಪರವಾನಗಿ ಪಡೆದು ಮಾಡಿದ್ದು. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರಿನಲ್ಲಿ ಶುರುಮಾಡಿದ ಆ ಕಾರ್ಖಾನೆಯ ಮೊದಲ ದಶಕಗಳನ್ನು ನೋಡಿದರೆ ಪ್ರೆಂಟಿಸ್, ವ್ಯಾಂಪೈರ್, ನ್ಯಾಟ್ ಎಲ್ಲವೂ ದೊಡ್ಡ ಅಳತೆಯ ಕಿಟ್ಟುಗಳೇ. ನಕ್ಷೆ ಇಂಗ್ಲೆಂಡಿನದು, ಜೋಡಣೆ ನಮ್ಮದು.

ಜೋಡಿಸುವವನು ತಾನೇ ತಾನಾಗಿ ರಚಿಸುವವನಾಗುವುದಿಲ್ಲ. ನಮ್ಮ ಅಣ್ಣನ ಪ್ರಶ್ನೆಯನ್ನು ಕಾರ್ಖಾನೆಯಲ್ಲೂ ಯಾರಾದರೂ ಕೇಳಬೇಕಿತ್ತು. ಕೇಳಿದವರು ವಿ.ಎಂ. ಘಾಟಗೆ. ಟೈಗರ್ ಮಾತ್‌ನ ಜಾಗದಲ್ಲಿ ಅವರ ತಂಡದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. 1958ರಲ್ಲಿ ಫ್ಲೈಯಿಂಗ್ ಕ್ಲಬ್ಬುಗಳಿಗೆಂದು ಬಟ್ಟೆ ಹೊದಿಸಿದ ಎರಡು ಸೀಟಿನ ವಿಮಾನ ಬಂತು, ಹೆಸರು ಪುಷ್ಪಕ್. 1961ರಲ್ಲಿ ಮರುತ್ ಎಂಬ ಜೆಟ್. ಚೆಲುವಾದ ವಿಮಾನ, ಆದರೆ ಅದಕ್ಕೆ ಸಿಕ್ಕಿದ್ದು ನ್ಯಾಟಿಗಿದ್ದ ಆರ್ಫಿಯಸ್ ಇಂಜಿನ್ನೇ. ಬೇಕಿದ್ದ ಬಲವಾದ ಇಂಜಿನ್ ಕೊನೆಗೂ ಬರಲಿಲ್ಲ, ಮರುತ್ ತನ್ನ ಮೈಕಟ್ಟಿಗೆ ತಕ್ಕಷ್ಟು ವೇಗವಾಗಿ ಎಂದೂ ಹಾರಲಿಲ್ಲ. ಪೆಟ್ಟಿಗೆಯಲ್ಲಿ ಇಲ್ಲದ ಒಂದು ಭಾಗಕ್ಕಾಗಿ ಇಡೀ ಮಾದರಿ ಕಪಾಟಿನಲ್ಲೇ ಉಳಿಯುವ ಸಂಕಟ ಕಿಟ್ ಕಟ್ಟಿದ ಎಲ್ಲರಿಗೂ ಗೊತ್ತು.

ಈಗ ಚಳ್ಳಕೆರೆಗೇ ವಿಮಾನ ಬಂದಿದೆ. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. 2019ರ ಸೆಪ್ಟೆಂಬರಿನಲ್ಲಿ ಅಲ್ಲಿಂದ ಹಾರಿದ ಚಾಲಕರಹಿತ ರುಸ್ತುಂ-2 ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿದ್ದಾಗ ಸುತ್ತಲ ಹಳ್ಳಿಗಳವರು ಕೆಲಸ ಬಿಟ್ಟು ಓಡಿದರು. ಆಮೇಲೆ ಇಸ್ರೋದ ಮರುಬಳಕೆಯ ಬಾಹ್ಯಾಕಾಶ ನೌಕೆ 2023ರ ಏಪ್ರಿಲಿನಲ್ಲಿ ಒಮ್ಮೆ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಎರಡು ಬಾರಿ ಇಲ್ಲಿಯ ಓಡುಹಾದಿಯಲ್ಲಿ ಇಳಿಯಿತು. ಅದಕ್ಕೂ ಇಟ್ಟ ಹೆಸರು ಪುಷ್ಪಕ್. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟುಬಿಡುತ್ತದೆ. ಅಲ್ಲಿಂದ ಅದು ಇಂಜಿನ್ನಿನ ಬಲವಿಲ್ಲದೆ ತೇಲಿ ಬಂದು ಕೂರಬೇಕು. ಸುಮಾರು ಆರೂವರೆ ಮೀಟರ್ ಉದ್ದದ ಅದು ಪೂರ್ತಿ ನೌಕೆಯೂ ಅಲ್ಲ. ಮುಂದೆ ಕಕ್ಷೆಗೆ ಹೋಗಿಬರುವ ನೌಕೆ ಇದಕ್ಕಿಂತ 1.6 ಪಟ್ಟು ದೊಡ್ಡದಿರುತ್ತದೆ ಎಂದು ಇಸ್ರೋ ಹೇಳಿದೆ. ಅಂದರೆ ಇದು ಮಾದರಿ, ಕೈಯಿಂದ ಎಸೆಯುವ ಗ್ಲೈಡರು. ನಿವೃತ್ತನಾಗಿರುವ ಅಣ್ಣ ಮಾರ್ಚಿನ ವಿಡಿಯೊ ಕಳಿಸಿ ಕೆಳಗೆ ಬರೆದದ್ದು ಇಷ್ಟೇ: 'ನಕ್ಷೆಯೂ ನಮ್ಮದು.'

ನನಗೂ ಹೆಮ್ಮೆಯಾಯಿತು. ಆದರೆ ಆ ನೆಲದ ಲೆಕ್ಕವನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಅದು ಅಮೃತಮಹಲ್ ಕಾವಲು. ಮೈಸೂರು ಒಡೆಯರ ಬೆಣ್ಣೆ ಚಾವಡಿ, ಟಿಪ್ಪುವಿನ ಅಮೃತಮಹಲ್, ಆಮೇಲೆ ಬ್ರಿಟಿಷರು, ಎಲ್ಲರೂ ಫಿರಂಗಿ ಎಳೆಯುವ ಎತ್ತುಗಳಿಗಾಗಿ ಕಾಯ್ದಿಟ್ಟ ಹುಲ್ಲುಗಾವಲು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಕೊಡುವ ಕುರಿಗಳು, ಮ್ಯಾಸಬೇಡರ ದೇವರ ಎತ್ತುಗಳು ಮೇಯುತ್ತಿದ್ದದ್ದು, ಕೃಷ್ಣಮೃಗ ಓಡಾಡುತ್ತಿದ್ದದ್ದು ಇಂಥ ಕಾವಲುಗಳಲ್ಲಿ. 2007ರಿಂದೀಚೆಗೆ ಕೆಲವೇ ವರ್ಷಗಳಲ್ಲಿ ರಕ್ಷಣಾ ಸಂಶೋಧನೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ, ಕುದಾಪುರದಲ್ಲಿ ವಿಜ್ಞಾನ ಸಂಸ್ಥೆಗೆ 1500 ಎಕರೆ, ಪರಮಾಣು ಸಂಶೋಧನೆಗೆ, ಇಸ್ರೋಗೆ ಇನ್ನಷ್ಟು ಎಂದು ಹಂಚಿಕೆಯಾಯಿತು. ಹಳ್ಳಿಗಳವರು ಪ್ರತಿಭಟಿಸಿದರು, ವ್ಯಾಜ್ಯ ಹಸಿರು ನ್ಯಾಯಪೀಠಕ್ಕೂ ಹೋಯಿತು. ಬೇಲಿ ಗೋಡೆಗಳು ಎದ್ದವು. ವಿಮಾನಕ್ಕೆ ಬಯಲು ಬೇಕು, ಸರಿ. ಆದರೆ ಜನವಸತಿಯಿಲ್ಲದ 'ಖಾಲಿ ಜಾಗ' ಎಂದು ಕಡತಗಳು ಅದನ್ನು ಕರೆದಾಗ, ದಿನವೂ ಅಲ್ಲಿಗೆ ಹೋಗಿ ಬರುತ್ತಿದ್ದವರನ್ನು ಲೆಕ್ಕದಿಂದ ಬಿಟ್ಟ ಹಾಗಾಯಿತು.

ಹೋದ ಬೇಸಿಗೆಯಲ್ಲಿ ನಮ್ಮೂರ ಹುಡುಗರು ಥರ್ಮೋಕೋಲ್ ಗ್ಲೈಡರ್ ಕಟ್ಟಿದ್ದರು, ಬಾಲಕ್ಕೆ ಪುಷ್ಪಕ್ ಎಂದು ಬರೆದಿದ್ದರು. ಹಾರಿಸಲು ಬತ್ತಿದ ಕೆರೆಯಂಗಳಕ್ಕೆ ಹೋದೆವು. ರೆಕ್ಕೆ ಹಿಡಿದುಕೊಂಡಿದ್ದವನ ಕೈಗೆ ಬಾಲದ ತುಂಡನ್ನೂ ಕೊಟ್ಟು, ಇದು ಏನು ಮಾಡುತ್ತೆ ಹೇಳು ಎಂದೆ.