ಗಣಕನಿರ್ಮಿತ ಭೂರಚನೆಯಲ್ಲಿ ವೈವಿಧ್ಯ: ದೊಡ್ಡಬಳ್ಳಾಪುರದ ನೆಲವನ್ನು ಕುರಿತು ಒಂದು ವಿಚಾರ

ಸೂತ್ರಗಳ ಬಲದಿಂದ ಗಣಕಯಂತ್ರವೇ ನೆಲವನ್ನು ರಚಿಸಿ, ಆಟಗಾರನು ಅದರಲ್ಲಿ ಸ್ವೇಚ್ಛೆಯಾಗಿ ಅಲೆಯಲು ಅವಕಾಶ ಕೊಡುವ ‘ಸ್ಯಾಂಡ್‌ಬಾಕ್ಸ್’ ವಿಡಿಯೋ ಆಟಗಳು ಇಂದು ಬಹಳ ಪ್ರಚಾರದಲ್ಲಿವೆ. ಅಲ್ಲಿಯ ಪ್ರಪಂಚ ಎಷ್ಟೇ ವಿಸ್ತಾರವಾಗಿದ್ದರೂ ಸ್ವಲ್ಪ ಹೊತ್ತಿನಲ್ಲೇ ಎಲ್ಲವೂ ಒಂದೇ ಬಗೆಯಾಗಿ ತೋರುವುದೆಂಬುದು ಅವುಗಳ ಮೇಲಿನ ಆಕ್ಷೇಪ. ಇದರ ಕಾರಣವನ್ನು ಚರಿತ್ರೆಯ ದೃಷ್ಟಿಯಿಂದ ವಿಚಾರಿಸುವುದು ನಮ್ಮ ಉದ್ದೇಶ.

ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ‘ನಾಯ್ಸ್’ ವಿಧಾನವು ನಯವಾಗಿ ಏರಿಳಿಯುವ ಆಕಸ್ಮಿಕ ಅಂಕಿಗಳನ್ನು ಕೊಡುತ್ತದೆ. ಅವನ್ನು ಎತ್ತರಗಳೆಂದು ಗ್ರಹಿಸಿದರೆ ಗುಡ್ಡ ತಗ್ಗುಗಳು ದೊರೆಯುತ್ತವೆ. ಆದರೆ ಆ ತಗ್ಗುಗಳನ್ನು ಯಾವ ನೀರೂ ಕೊರೆದುದಲ್ಲ. 1989ರಲ್ಲಿ ಮಸ್‌ಗ್ರೇವ್, ಕೋಲ್ಬ್ ಮತ್ತು ಮೇಸ್ ಎಂಬವರು ಮಳೆನೀರು ಮಣ್ಣನ್ನು ಕೊಚ್ಚಿ ಕೆಳಗೆ ಒಯ್ಯುವ ಕ್ರಿಯೆಯನ್ನೇ ಲೆಕ್ಕಕ್ಕೆ ಅಳವಡಿಸಿದರು. ಮೈನ್‌ಕ್ರಾಫ್ಟ್ ಆಟವು 2021ರ ನವೆಂಬರ್ 30ರ ಆವೃತ್ತಿಯಲ್ಲಿ ಪ್ರಪಂಚದ ಎತ್ತರವನ್ನು 256ರಿಂದ 384 ಘನಗಳಿಗೆ ಏರಿಸಿ, ನೆಲದ ಆಕಾರವನ್ನು ಹವೆ ಸಸ್ಯಗಳ ವಲಯದಿಂದ ಬೇರ್ಪಡಿಸಿತು. ವೈವಿಧ್ಯ ಹೆಚ್ಚಿತೆಂಬುದು ನಿಜ. ಆದರೂ ಅಲ್ಲಿ ‘ಸವೆತ’ವೆಂಬುದು ಇನ್ನೊಂದು ನಾಯ್ಸ್ ಅಂಕಿಯೇ ಹೊರತು ನೀರಿನ ಹರಿವಲ್ಲ.

ಇನ್ನು ದೊಡ್ಡಬಳ್ಳಾಪುರದ ನೆಲವನ್ನು ನೋಡೋಣ. ಈ ಸೀಮೆಯ ತಳದ ಶಿಲೆ 250 ಕೋಟಿ ವರ್ಷಗಳಷ್ಟು ಹಳೆಯದು. ಪಟ್ಟಣಕ್ಕೆ ಈಶಾನ್ಯದಲ್ಲಿ ನಂದಿಬೆಟ್ಟ, ಉತ್ತರದಲ್ಲಿ ಮಾಕಳಿದುರ್ಗ. ನಂದಿಯಲ್ಲಿ ಹುಟ್ಟುವ ಅರ್ಕಾವತಿಯು ದಕ್ಷಿಣಕ್ಕೆ ಸಾಗುವ ದಾರಿಯಲ್ಲಿ ಜನರು ಏರಿ ಕಟ್ಟಿ, ತೂಬು ಇಟ್ಟು, ಕೋಡಿ ಬಿಟ್ಟು ಕೆರೆಗಳನ್ನು ಮಾಡಿದರು. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನದು ತುಂಬುವುದು. 1894ರಲ್ಲಿ ಬೆಂಗಳೂರಿಗೆ ನೀರೊದಗಿಸಲು ಹೆಸರಘಟ್ಟದ ಜಲಾಶಯವಾದದ್ದು ಇದೇ ನದಿಗೆ. ಹೀಗೆ ಬಂಡೆ, ಹೊಳೆ, ಏರಿ, ಗದ್ದೆ ಇವು ಒಂದರ ಪರಿಣಾಮವಾಗಿ ಇನ್ನೊಂದು ಬಂದಿವೆ. ಯಾವುದೂ ಎಲ್ಲೆಂದರಲ್ಲಿ ಉದುರಿದುದಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿದು: ಅಂಕಿಗಳ ಬಗೆಗಳನ್ನು ಹೆಚ್ಚಿಸುವುದರಿಂದಲೇ ನಿಜವಾದ ವೈವಿಧ್ಯ ಬಾರದು. ಮೊದಲು ಶಿಲೆ, ಅದರ ಮೇಲೆ ನೀರು, ಬಳಿಕ ಮನುಷ್ಯನ ದುಡಿಮೆ ಎಂಬ ಕ್ರಮದಲ್ಲಿ ನೆಲವನ್ನು ರಚಿಸಿದರೆ ಪ್ರತಿಯೊಂದು ತಗ್ಗಿಗೂ ಒಂದು ಪೂರ್ವವೃತ್ತಾಂತ ದೊರೆಯುವುದು.

ಇದು ಆಟಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ಕೆರೆಯನ್ನು ಬರಿಯ ತಗ್ಗೆಂದು ತಿಳಿದವರು ಅದರ ಕಾಲುವೆಯನ್ನು ಮುಚ್ಚಲು ಹಿಂಜರಿಯುವುದಿಲ್ಲ. ಕಾಲುವೆ ಮುಚ್ಚಿದರೆ ಕೆಳಗಿನ ಕೆರೆಯೂ ಬತ್ತುವುದು. ನೀರು ಬಂದ ದಾರಿಯನ್ನು ಬಲ್ಲವನು ಹಾಗೆ ಮಾಡಲಾರನು.